ಸಹಜ ಎಂದರೆ ಎಷ್ಟು ಸೆಕೆಂಡ್?

ಫುಟ್‌ಪಾತಿನಲ್ಲಿ ಸಿಗುವ ಸಾಧಾರಣ ಕ್ವಾರ್ಟ್ಜ್ ವಾಚು ತಿಂಗಳಿಗೆ ಹದಿನೈದಿಪ್ಪತ್ತು ಸೆಕೆಂಡ್ ಹಿಂದೆಮುಂದೆ ಆಗುತ್ತದೆ. ಐದು ಲಕ್ಷ ರೂಪಾಯಿ ಸುರಿದು ತಂದ ಸ್ವಿಸ್ ಆಟೊಮ್ಯಾಟಿಕ್ ವಾಚು ಅಷ್ಟೇ ವ್ಯತ್ಯಾಸವನ್ನು ನಾಲ್ಕೇ ದಿನಗಳಲ್ಲಿ ತೋರಿಸಿದರೂ ಅದರಲ್ಲಿ ಯಾವ ದೋಷವೂ ಇಲ್ಲದಿರಬಹುದು. ಮಗನ ಮದುವೆಗೋ, ನಿವೃತ್ತಿಯ ಹಣ ಕೈಗೆ ಬಂದಾಗಲೋ ಆಸೆಪಟ್ಟು ಮೊದಲ ಬಾರಿ ಇಂಥ ವಾಚು ಕೊಂಡವರಿಗೆ ಇದನ್ನು ಅರಗಿಸಿಕೊಳ್ಳುವುದು ಕಷ್ಟ. ಇದೇ ನಿಜವನ್ನು ಗುರಾಣಿ ಮಾಡಿಕೊಂಡು, ಕೆಟ್ಟೇಹೋಗಿರುವ ವಾಚನ್ನೂ ‘ಮೆಕ್ಯಾನಿಕಲ್ ವಾಚು ಸಾರ್, ಇದೆಲ್ಲ ಸಹಜ’ ಎಂದು ಹಿಂದಿರುಗಿಸುವ ಅಂಗಡಿಗಳೂ ಇವೆ. ಹಾಗೆ ಹೇಳಿದವರನ್ನು ಕೇಳಬೇಕಾದ ಪ್ರಶ್ನೆ ಒಂದೇ. ಸಹಜ ಎಂದರೆ ಎಷ್ಟು ಸೆಕೆಂಡ್?

ವ್ಯತ್ಯಾಸದ ಮೂಲ ಯಂತ್ರದಲ್ಲೇ ಇದೆ. ಕ್ವಾರ್ಟ್ಜ್ ವಾಚಿನೊಳಗಿನ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಯಾಂತ್ರಿಕ ವಾಚಿನಲ್ಲಿ ಆ ಕೆಲಸ ಬ್ಯಾಲೆನ್ಸ್ ಚಕ್ರದ್ದು. ಕೂದಲೆಳೆಯಂಥ ಹೇರ್‌ಸ್ಪ್ರಿಂಗ್ ಎಳೆದು ಬಿಟ್ಟಂತೆಲ್ಲ ಅದು ಅತ್ತಿಂದಿತ್ತ ಹೊರಳುತ್ತದೆ. ಈಗಿನ ಬಹಳಷ್ಟು ಸ್ವಿಸ್ ವಾಚುಗಳಲ್ಲಿ ಗಂಟೆಗೆ 28,800 ಸಲ, ಅಂದರೆ ದಿನಕ್ಕೆ 6,91,200 ಸಲ. ಕೈಯ ಅಲುಗಾಟ, ಬಿಸಿಲು, ಏಸಿ, ಭೂಮಿಯ ಸೆಳೆತ ಎಲ್ಲವೂ ಪ್ರತಿ ಹೊರಳಿಗೂ ಒಂದಿಷ್ಟು ಅಡ್ಡ ಬರುತ್ತವೆ. ಇಷ್ಟಾದರೂ ದಿನದ 86,400 ಸೆಕೆಂಡುಗಳಲ್ಲಿ ಐದು ಮಾತ್ರ ತಪ್ಪಿತು ಎಂದರೆ ದೋಷ ಶೇಕಡ 0.006 ಕೂಡ ಆಗಲಿಲ್ಲ. ಬ್ಯಾಟರಿಯಿಲ್ಲದೆ, ಬರೀ ಸ್ಪ್ರಿಂಗು, ಹಲ್ಲುಚಕ್ರ ಮತ್ತು ಎಣ್ಣೆಯ ಹನಿಯಿಂದ ಮನುಷ್ಯ ಇದನ್ನು ಸಾಧಿಸಿದ್ದಾನೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ದುಬಾರಿ ವಾಚಿಗೆ ಕೊಡುವ ಬೆಲೆ ಈ ಕುಸುರಿಗೆ, ಲೋಹಕ್ಕೆ, ಹೆಸರಿಗೆ. ಸವೆತಕ್ಕೆ ಮಾತ್ರ ವಾಚಿನ ಬೆಲೆ ಗೊತ್ತಾಗುವುದಿಲ್ಲ.

ಹಾಗಾಗಿ ಮೊದಲು ತಿಳಿಯಬೇಕಾದದ್ದು ಕೊಳ್ಳುವಾಗ ಕಂಪನಿ ಏನು ಮಾತು ಕೊಟ್ಟಿತ್ತು ಎಂಬುದು. ಡಯಲಿನ ಮೇಲೆ ‘ಕ್ರೋನೋಮೀಟರ್’ ಎಂದಿದ್ದರೆ ಸಾಮಾನ್ಯವಾಗಿ ಆ ಯಂತ್ರ 1973ರಲ್ಲಿ ಆರಂಭವಾದ ಕಾಸ್ಕ್ ಎಂಬ ಸ್ವಿಸ್ ಪರೀಕ್ಷಾ ಸಂಸ್ಥೆಯಲ್ಲಿ ಪಾಸಾಗಿರುತ್ತದೆ. ಅಲ್ಲಿ 15 ದಿನ, 5 ಭಂಗಿಗಳಲ್ಲಿ, 8, 23 ಮತ್ತು 38 ಡಿಗ್ರಿ ಉಷ್ಣತೆಯಲ್ಲಿ ಪರೀಕ್ಷೆ ನಡೆಯುತ್ತದೆ. ಸರಾಸರಿಯಲ್ಲಿ ದಿನಕ್ಕೆ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ, ಇದರೊಳಗೆ ಇದ್ದರೆ ಪಾಸು. ಕಾಸ್ಕ್ ಪರೀಕ್ಷಿಸುವುದು ಕೇಸಿನೊಳಗೆ ಕೂರಿಸುವ ಮೊದಲಿನ ಬರಿಯ ಯಂತ್ರವನ್ನು ಎಂಬುದು ನೆನಪಿರಲಿ. ರೋಲೆಕ್ಸ್ 2015ರಿಂದ ಕೇಸಿಗೆ ಕೂರಿಸಿದ ಮೇಲೆ ತಾನೇ ಮತ್ತೊಮ್ಮೆ ಪರೀಕ್ಷಿಸಿ ದಿನಕ್ಕೆ 2 ಸೆಕೆಂಡ್ ಹಿಂದೆ ಅಥವಾ ಮುಂದೆ ಎಂಬ ಮಾತು ಕೊಡುತ್ತಿದೆ. ಒಮೆಗಾದ ‘ಮಾಸ್ಟರ್ ಕ್ರೋನೋಮೀಟರ್’ ವಾಚುಗಳಿಗೆ ಸ್ವಿಸ್ ಸರ್ಕಾರದ ಅಳತೆ ಸಂಸ್ಥೆ ಮೆಟಾಸ್ ಪ್ರಮಾಣಪತ್ರ ಕೊಡುತ್ತದೆ. ಅಲ್ಲಿ ಹಿಂದೆ ಬೀಳುವಂತೆಯೇ ಇಲ್ಲ, ಮುಂದೆ ಓಡಿದರೂ 5 ಸೆಕೆಂಡ್ ದಾಟಬಾರದು. ಇಂಥ ಯಾವ ಪ್ರಮಾಣಪತ್ರವೂ ಇಲ್ಲದ ದುಬಾರಿ ವಾಚುಗಳೂ ಸಾಕಷ್ಟಿವೆ. ಅವುಗಳ ಮಿತಿ ಇನ್ನೂ ಸಡಿಲ. ನಿಮ್ಮ ವಾಚು ಯಾವ ಗುಂಪಿನದು ಎಂದು ಅಂಗಡಿಯವರಿಂದ ಬರಹದಲ್ಲಿ ಪಡೆದುಕೊಂಡರೆ ಅರ್ಧ ಜಗಳ ಅಲ್ಲಿಗೇ ಮುಗಿಯಿತು.

ಉಳಿದರ್ಧಕ್ಕೆ ಒಂದು ನೋಟ್‌ಬುಕ್ ಸಾಕು. ಬೆಳಗ್ಗೆ ಒಂದೇ ಹೊತ್ತಿಗೆ ಮೊಬೈಲಿನ ಸಮಯದೊಂದಿಗೆ ತಾಳೆ ನೋಡಿ, ಎಷ್ಟು ಸೆಕೆಂಡ್ ಹಿಂದೆ, ಎಷ್ಟು ಮುಂದೆ ಎಂದು ಬರೆಯಿರಿ. ಹಿಂದಿನ ರಾತ್ರಿ ವಾಚನ್ನು ಹೇಗೆ ಇಟ್ಟಿದ್ದಿರಿ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಡಯಲ್ ಮೇಲೆ ಮಾಡಿಯೋ, ಕೀ ಕೆಳಗೆ ಮಾಡಿ ನಿಲ್ಲಿಸಿಯೋ, ಕೈಯಲ್ಲೇ ಇತ್ತೋ. ಎರಡು ವಾರ ಹೀಗೆ ಬರೆದರೆ ವಾಚಿನ ಸ್ವಭಾವ ತಾನೇ ಬಿಚ್ಚಿಕೊಳ್ಳುತ್ತದೆ. ಯಾವ ಭಂಗಿಯಲ್ಲಿಟ್ಟರೂ ದಿನಕ್ಕೆ ಹತ್ತು ಸೆಕೆಂಡ್ ಮುಂದೆ ಓಡುವ ವಾಚಿಗೆ ಹೆಚ್ಚಿನ ಕಾಯಿಲೆಯೇನೂ ಇಲ್ಲ, ಓಟದ ವೇಗ ಹೊಂದಿಸಿದರೆ ಸಾಕು. ಒಂದು ಭಂಗಿಯಲ್ಲಿ ಸರಿಯಾಗಿದ್ದು ಇನ್ನೊಂದರಲ್ಲಿ ಮೂವತ್ತು ಸೆಕೆಂಡ್ ಬೀಳುವ ವಾಚನ್ನು ಬಿಚ್ಚಿ ನೋಡಲೇಬೇಕು.

ಇಲ್ಲಿ ನಿವೃತ್ತರಿಗೆ ಒಂದು ಮಾತು. ಆಟೊಮ್ಯಾಟಿಕ್ ವಾಚಿಗೆ ಕೀ ಕೊಡುವುದು ಕೈಯ ಓಡಾಟ. ದಿನವಿಡೀ ಕುರ್ಚಿಯಲ್ಲಿ ಕೂತು ಓದುವವರ, ಕೀಬೋರ್ಡಿನ ಮೇಲೆ ಮಣಿಕಟ್ಟು ಊರಿಕೊಂಡೇ ಕೆಲಸ ಮಾಡುವವರ ವಾಚಿನಲ್ಲಿ ಮೇನ್‌ಸ್ಪ್ರಿಂಗ್ ಪೂರ್ತಿ ಸುತ್ತಿಕೊಳ್ಳುವುದೇ ಇಲ್ಲ. ಸ್ಪ್ರಿಂಗಿನ ಬಲ ಕುಗ್ಗಿದರೆ ಬ್ಯಾಲೆನ್ಸ್ ಚಕ್ರದ ಹೊರಳಾಟ ಕುಗ್ಗುತ್ತದೆ, ಟೈಮ್ ತಪ್ಪುತ್ತದೆ, ರಾತ್ರಿ ಮೇಜಿನ ಮೇಲೆ ನಿಂತೇ ಹೋಗುತ್ತದೆ. ಕೈಯಿಂದ ಮೂವತ್ತು ನಲವತ್ತು ಸುತ್ತು ಕೀ ಕೊಟ್ಟು, ಆಮೇಲೆ ಎರಡು ದಿನ ಗಮನಿಸಿದರೆ ದೋಷ ವಾಚಿನದೋ ಬಳಕೆಯದೋ ಗೊತ್ತಾಗುತ್ತದೆ. ಸರ್ವಿಸ್ ಸೆಂಟರಿಗೆ ಓಡುವ ಮೊದಲು ಮಾಡಬೇಕಾದ ಕೆಲಸ ಇದು.

ವಾಚು ಇದ್ದಕ್ಕಿದ್ದಂತೆ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡತೊಡಗಿತೇ? ಹೆಚ್ಚಿನ ಸಲ ಅದು ಅಯಸ್ಕಾಂತದ ಕೆಲಸ. ಹೇರ್‌ಸ್ಪ್ರಿಂಗಿನ ಸುರುಳಿಗಳು ಅಯಸ್ಕಾಂತಕ್ಕೆ ಸಿಕ್ಕಿ ಒಂದಕ್ಕೊಂದು ಅಂಟಿಕೊಂಡರೆ ಸ್ಪ್ರಿಂಗಿನ ಉದ್ದವೇ ಕಡಿಮೆಯಾದಂತಾಗಿ ಚಕ್ರ ಅವಸರದಲ್ಲಿ ಹೊರಳುತ್ತದೆ. ಮೊಬೈಲು ಮತ್ತು ಟ್ಯಾಬ್‌ಗಳ ಕವರು, ವ್ಯಾನಿಟಿ ಬ್ಯಾಗಿನ ಗುಂಡಿ, ಸ್ಪೀಕರು ಹೀಗೆ ಮನೆ ತುಂಬ ಅಯಸ್ಕಾಂತಗಳೇ. ‘ಆಂಟಿ ಮ್ಯಾಗ್ನೆಟಿಕ್’ ಎಂದು ಬರೆಸಿಕೊಳ್ಳಲು ಐಎಸ್‌ಒ 764 ಮಾನದಂಡ ಕೇಳುವುದು ಮೀಟರಿಗೆ 4,800 ಆಂಪಿಯರ್, ಅಂದರೆ ಸುಮಾರು 60 ಗಾಸ್ ತಡೆದುಕೊಳ್ಳುವ ಶಕ್ತಿಯನ್ನಷ್ಟೇ. ಆ ಪರೀಕ್ಷೆಯ ನಂತರವೂ ವಾಚು ದಿನಕ್ಕೆ 30 ಸೆಕೆಂಡ್‌ಗಿಂತ ಹೆಚ್ಚು ಬದಲಾಗಬಾರದು. ಫೋನ್ ಕವರಿನ ಪುಟ್ಟ ಅಯಸ್ಕಾಂತವನ್ನು ವಾಚಿಗೆ ತಾಗಿಸಿ ಇಟ್ಟರೆ ಆ 60 ಗಾಸ್ ಯಾವ ಮೂಲೆಗೆ! ಹಲವು ಹೊಸ ವಾಚುಗಳು ಸಿಲಿಕಾನ್ ಹೇರ್‌ಸ್ಪ್ರಿಂಗಿನಿಂದ ಈ ತೊಂದರೆಯನ್ನು ಬಹುಮಟ್ಟಿಗೆ ದಾಟಿವೆ, ಮೆಟಾಸ್ ಪರೀಕ್ಷೆ ನಡೆಯುವುದೇ 15,000 ಗಾಸ್‌ನಲ್ಲಿ. ಹಳೆಯ ವಾಚಿನವರು ಒಂದು ಸಾದಾ ದಿಕ್ಸೂಚಿಯ ಹತ್ತಿರ ವಾಚು ಹಿಡಿದು ನೋಡಲಿ. ಮುಳ್ಳು ಬೆಚ್ಚಿ ಓಲಾಡಿದರೆ ಅನುಮಾನ ನಿಜ. ಅಯಸ್ಕಾಂತ ತೆಗೆಯುವ ಪುಟ್ಟ ಯಂತ್ರದ ಮೇಲೆ ಕ್ಷಣಗಳಲ್ಲಿ ಮುಗಿಯುವ ಕೆಲಸಕ್ಕೆ ಹತ್ತಾರು ಸಾವಿರದ ಫುಲ್ ಸರ್ವಿಸ್ ಬಿಲ್ಲು ಕಟ್ಟಬೇಡಿ.

ಇನ್ನು ನಿಜವಾದ ಕಾಯಿಲೆಗಳು. ಬೆಂಗಳೂರಿನ ಚಿಕ್ಕಪೇಟೆಯ ಆಸುಪಾಸಿನಲ್ಲಿ ತಲೆಮಾರುಗಳಿಂದ ಇದೇ ಕೆಲಸ ಮಾಡಿಕೊಂಡು ಬಂದವರು ಇನ್ನೂ ಇದ್ದಾರೆ. ಅಂಥ ಒಬ್ಬರ ಮೇಜಿನ ಪಕ್ಕ ಕೂತು ನೋಡುವುದೇ ಒಂದು ಪಾಠ. ಎದುರಿಗೆ ಬಿಳಿ ಹಾಳೆ, ಬಲಗಣ್ಣಿಗೆ ತಂತಿಯಿಂದ ಕಟ್ಟಿದ ಭೂತಗನ್ನಡಿ, ಬೆರಳ ತುದಿಗೆ ರಬ್ಬರ್ ಟೊಪ್ಪಿ. ವಾಚನ್ನು ಬಿಚ್ಚುವ ಮೊದಲು ಅವರು ಅದನ್ನು ಟೈಮ್‌ಗ್ರಾಫರ್ ಎಂಬ ಯಂತ್ರದ ಇಕ್ಕಳದಲ್ಲಿ ಸಿಕ್ಕಿಸುತ್ತಾರೆ. ಒಳಗಿನ ಮೈಕು ಟಿಕ್ ಟಿಕ್ ಸದ್ದನ್ನು ಆಲಿಸುತ್ತ ಪರದೆಯ ಮೇಲೆ ಚುಕ್ಕೆಯಿಡುತ್ತ ಹೋಗುತ್ತದೆ. ಚುಕ್ಕೆಗಳು ಒಂದಕ್ಕೊಂದು ಅಂಟಿದಂತೆ ಮಟ್ಟಸವಾಗಿ ಸಾಗಿದರೆ ವಾಚು ಗಟ್ಟಿ. ಗೆರೆ ಮೇಲೇರಿದರೆ ಫಾಸ್ಟು, ಇಳಿದರೆ ಸ್ಲೋ, ಚೆಲ್ಲಾಪಿಲ್ಲಿಯಾದರೆ ಒಳಗೆ ಕೊಳೆಯೋ ಮುರಿದ ಹಲ್ಲೋ ಇದೆ ಎಂದರ್ಥ. ಪಕ್ಕದಲ್ಲಿ ಮೂಡುವ ಇನ್ನೊಂದು ಅಂಕಿ ಆಂಪ್ಲಿಟ್ಯೂಡ್, ಅಂದರೆ ಬ್ಯಾಲೆನ್ಸ್ ಚಕ್ರ ಎಷ್ಟು ಡಿಗ್ರಿ ಹೊರಳುತ್ತಿದೆ ಎಂಬುದು. ಪೂರ್ತಿ ಕೀ ಕೊಟ್ಟ, ಆರೋಗ್ಯವಂತ ವಾಚಿನಲ್ಲಿ ಡಯಲ್ ಮೇಲಿದ್ದಾಗ ಇದು ಸಾಮಾನ್ಯವಾಗಿ 270ರಿಂದ 310ರ ನಡುವೆ. ಇನ್ನೂರರ ಹತ್ತಿರಕ್ಕೆ ಇಳಿದರೆ ಆ ವಾಚು ಇವತ್ತು ಟೈಮ್ ಸರಿಯಾಗಿ ತೋರಿಸಿದರೂ ಒಳಗೆ ಬಳಲಿದೆ. ‘ಮಶೀನು ಸುಸ್ತಾಗಿದೆ ಸಾರ್, ಆಯಿಲ್ ಒಣಗಿದೆ’ ಎಂದು ರಿಪೇರಿಯವರು ಬಿಚ್ಚದೆಯೇ ಹೇಳುವುದು ಈ ಅಂಕಿ ನೋಡಿ.

ಬಿಚ್ಚಿದ ಮೇಲೆ ಅವರು ಭೂತಗನ್ನಡಿ ಕೈಗೆ ಕೊಟ್ಟು ತೋರಿಸುವುದು ಒಂದು ಚಕ್ರದ ಅಚ್ಚಿನ ಸುತ್ತ ಕಟ್ಟಿದ ಕೆಂಗಂದು ಪುಡಿಯನ್ನು. ಎಣ್ಣೆ ಆರಿದ ಮೇಲೂ ಚಕ್ರ ತಿರುಗುತ್ತಲೇ ಇದ್ದು, ಉಕ್ಕಿನ ಅಚ್ಚು ತನ್ನನ್ನೇ ತೇಯ್ದುಕೊಂಡ ಪುಡಿ ಅದು. ಇದನ್ನು ಕಂಡವರು ‘ಓಡುತ್ತಿದೆಯಲ್ಲ, ಸರ್ವಿಸ್ ಯಾಕೆ’ ಎಂದು ಮತ್ತೆ ಕೇಳುವುದಿಲ್ಲ. ಮೋಬಿಯಸ್‌ನಂಥ ಕಂಪನಿಗಳ ಸಿಂಥೆಟಿಕ್ ಎಣ್ಣೆಗಳು ಹಿಂದಿನ ಎಣ್ಣೆಗಳಿಗಿಂತ ಬಹುಕಾಲ ಬಾಳುತ್ತವೆ ನಿಜ. ವೇಗವಾಗಿ ತಿರುಗುವ ಚಕ್ರಕ್ಕೆ ತೆಳ್ಳನೆಯದು, ಭಾರ ಹೊರುವ ಕಡೆಗೆ ಮಂದವಾದದ್ದು, ಚಕ್ರದ ಹಲ್ಲು ತಾಗುವ ಪ್ಯಾಲೆಟ್ ಕಲ್ಲುಗಳಿಗೆ ಗ್ರೀಸಿನಂಥದ್ದು ಎಂದು ಒಂದೇ ವಾಚಿಗೆ ಹಲವು ಬಗೆ ಬೇಕು. ಹನಿ ತುಸು ಹೆಚ್ಚಾದರೂ ಹರಿದು ಬೇಡದ ಕಡೆ ಸೇರುತ್ತದೆ. ಹಾಗಾಗಿ ‘ಸ್ವಲ್ಪ ಆಯಿಲ್ ಬಿಟ್ಟುಕೊಡ್ತೀನಿ’ ಎಂದು ಬಿಚ್ಚದೆ, ತೊಳೆಯದೆ ಮೇಲಿಂದ ಹನಿ ಬಿಡುವವರ ಕೈಗೆ ವಾಚು ಕೊಡಲೇಬಾರದು. ಆ ಎಣ್ಣೆ ಹಳೆಯ ಪುಡಿಯೊಂದಿಗೆ ಬೆರೆತು ಉಜ್ಜುವ ಪೇಸ್ಟಾಗುತ್ತದೆ.

ಈ ಎಣ್ಣೆಯ ತಂಟೆಯಿಂದಲೇ ಪಾರಾಗಲು ಹೊರಟ ಒಬ್ಬ ದೊಡ್ಡ ಕುಶಲಕರ್ಮಿ ಜಾರ್ಜ್ ಡೇನಿಯಲ್ಸ್. 1926ರಲ್ಲಿ ಹುಟ್ಟಿದ ಇಂಗ್ಲೆಂಡಿನ ಈ ಗಡಿಯಾರಗಾರ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ನೆಲೆಸಿ, ವಾಚಿನ ಬಹುಪಾಲು ಭಾಗಗಳನ್ನು ತಮ್ಮ ಕೈಯಿಂದಲೇ ಮಾಡುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಥಾಮಸ್ ಮಜ್ ರೂಪಿಸಿದ, ಸ್ಪ್ರಿಂಗಿನ ಬಲವನ್ನು ಬ್ಯಾಲೆನ್ಸ್ ಚಕ್ರಕ್ಕೆ ತುಸುತುಸುವೇ ದಾಟಿಸುವ ಲಿವರ್ ಎಸ್ಕೇಪ್‌ಮೆಂಟನ್ನೇ ಲೋಕವೆಲ್ಲ ಬಳಸಿಕೊಂಡು ಬಂದಿತ್ತು. ಅದರಲ್ಲಿ ಚಕ್ರದ ಹಲ್ಲು ಪ್ಯಾಲೆಟ್ ಕಲ್ಲಿನ ಮೇಲೆ ಜಾರುತ್ತ ಬಲ ಕೊಡುತ್ತದೆ. ಜಾರಿದ ಕಡೆ ಎಣ್ಣೆ ಬೇಕು, ಎಣ್ಣೆ ಕೆಟ್ಟರೆ ಟೈಮ್ ಕೆಟ್ಟಿತು. ಡೇನಿಯಲ್ಸ್ 1970ರ ದಶಕದಲ್ಲಿ ರೂಪಿಸಿದ ಕೋ-ಆಕ್ಸಿಯಲ್ ವ್ಯವಸ್ಥೆಯಲ್ಲಿ ಹಲ್ಲು ಜಾರುವ ಬದಲು ನೇರ ತಳ್ಳುತ್ತದೆ. ಸ್ವಿಸ್ ಕಂಪನಿಗಳ ಬಾಗಿಲು ತಟ್ಟುತ್ತ ವರ್ಷಗಳು ಕಳೆದವು. ಕೊನೆಗೆ 1999ರಲ್ಲಿ ಒಮೆಗಾ ಅದನ್ನು ಡಿ ವಿಲ್ ವಾಚಿನಲ್ಲಿ, 2500 ಎಂಬ ಕ್ಯಾಲಿಬರಿನ, ಅಂದರೆ ಯಂತ್ರದ ಮಾದರಿಯ, ರೂಪದಲ್ಲಿ ಮಾರುಕಟ್ಟೆಗೆ ತಂದಿತು.

ದುಬಾರಿ ವಾಚಿನ ನೆಚ್ಚಿಕೆಯ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಕಥೆ ಈ 2500ರದು. ಹೊಸ ಎಸ್ಕೇಪ್‌ಮೆಂಟನ್ನು ಅದಕ್ಕೆಂದೇ ಮಾಡದ ಹಳೆಯ ಯಂತ್ರದೊಳಗೆ, ಇಟಿಎ ಕಂಪನಿಯ 2892ರ ಆಧಾರದ ಮೇಲೆ ಕೂರಿಸಲಾಗಿತ್ತು. ಜಾಗ ಇಕ್ಕಟ್ಟು, ಭಾಗಗಳು ಪುಟ್ಟವು. ಎಣ್ಣೆಯೇ ಬೇಡವೆಂಬ ಆಸೆ ಪೂರ್ತಿ ಕೈಗೂಡಲಿಲ್ಲ. ಮೊದಲ ಆವೃತ್ತಿಗಳ ಕೆಲವು ವಾಚುಗಳು ಓಡುತ್ತ ಓಡುತ್ತ ನಿಂತುಬಿಡುತ್ತವೆ, ಅಲುಗಾಡಿಸಿದರೆ ಮತ್ತೆ ಹೊರಡುತ್ತವೆ ಎಂಬ ದೂರು ಮಾಲೀಕರಿಂದ ಬಂತು. ಕಂಪನಿ ಯಂತ್ರವನ್ನು ಹಂತ ಹಂತವಾಗಿ ತಿದ್ದಿತು. ಗಂಟೆಗೆ 28,800 ಇದ್ದ ಹೊರಳಾಟವನ್ನು 25,200ಕ್ಕೆ ಇಳಿಸಿತು. 2007ರಲ್ಲಿ ಕೋ-ಆಕ್ಸಿಯಲ್‌ಗೆಂದೇ ಬುಡದಿಂದ ರೂಪಿಸಿದ 8500 ಕ್ಯಾಲಿಬರ್ ಬಂದ ಮೇಲೆ ಆ ವ್ಯವಸ್ಥೆ ನಿಜವಾಗಿ ನೆಲೆ ಕಂಡಿತು. 2011ರಲ್ಲಿ ತೀರಿಕೊಂಡ ಡೇನಿಯಲ್ಸ್ ಅದನ್ನು ಕಣ್ಣಾರೆ ಕಂಡರು ಎಂಬುದು ಸಮಾಧಾನದ ಸಂಗತಿ. ಕೊಳ್ಳುವವರು ತಿಳಿಯಬೇಕಾದದ್ದು ಇಷ್ಟು: ಎಂಥ ಹೆಸರಾಂತ ಮನೆಯಿಂದ ಬಂದರೂ ಹೊಚ್ಚ ಹೊಸ ಕ್ಯಾಲಿಬರಿನ ಮೊದಲ ವರ್ಷಗಳು ಪರೀಕ್ಷೆಯ ವರ್ಷಗಳೇ. ಸೆಕೆಂಡ್‌ಹ್ಯಾಂಡ್ ವಾಚು ಕೊಳ್ಳುವವರು ಮಾಡೆಲ್ ಹೆಸರಿನ ಜೊತೆಗೆ ಕ್ಯಾಲಿಬರಿನ ಆವೃತ್ತಿಯನ್ನೂ ಕೇಳಿಕೊಳ್ಳಬೇಕು. ಇಂಥ ವಾಚನ್ನು ಪೇಟೆಯಲ್ಲಿ ಪರೀಕ್ಷಿಸುವಾಗ ಇನ್ನೊಂದು ಎಚ್ಚರ ಬೇಕು. ಆಂಪ್ಲಿಟ್ಯೂಡ್ ಲೆಕ್ಕಕ್ಕೆ ಟೈಮ್‌ಗ್ರಾಫರಿನಲ್ಲಿ ‘ಲಿಫ್ಟ್ ಆಂಗಲ್’ ಎಂಬ ಅಂಕಿ ತುಂಬಬೇಕು. ಸಾಮಾನ್ಯ ಸ್ವಿಸ್ ವಾಚಿಗೆ 52 ಡಿಗ್ರಿಯ ಸುತ್ತಮುತ್ತ, ಕೋ-ಆಕ್ಸಿಯಲ್‌ಗೆ 38. ಇದನ್ನು ಬದಲಿಸದೆ ಓದಿದರೆ ಬರುವ ಅಂಕಿಯೇ ಸುಳ್ಳು.

ನಮ್ಮ ಕರಾವಳಿಯಲ್ಲಿ ಟೈಮಿಗಿಂತ ದೊಡ್ಡ ಶತ್ರು ನೀರು. ‘30 ಮೀಟರ್’ ಎಂದು ಬರೆದ ವಾಚು ಕಟ್ಟಿಕೊಂಡು ಪಣಂಬೂರಿನಲ್ಲಿ ಸಮುದ್ರಕ್ಕಿಳಿದವರ ಗಾಜಿನೊಳಗೆ ಮಂಜು ಕಟ್ಟುವುದು ಹೊಸದಲ್ಲ. ಆ ಅಂಕಿ ಲ್ಯಾಬಿನಲ್ಲಿ ಹೊಸ ವಾಚಿನ ಮೇಲೆ ಹಾಕಿದ ಒತ್ತಡದ್ದು. ಕೈ ತೊಳೆಯುವ ನೀರು, ಮಳೆಹನಿ ಇಷ್ಟಕ್ಕೆ ಮಾತ್ರ ಅದು ಭರವಸೆ. ನೀರು ತಡೆಯುವುದು ಹಿಂಬದಿಯ ಮುಚ್ಚಳ ಮತ್ತು ಕೀ ಬುಡದಲ್ಲಿರುವ ರಬ್ಬರ್ ವಾಷರುಗಳು. ಬೆವರು, ಉಪ್ಪುಗಾಳಿ, ಸೋಪು, ಬಿಸಿನೀರು ಅವನ್ನು ಒಣಗಿಸಿ ಬಿರುಸು ಮಾಡುತ್ತವೆ. ಮಂಗಳೂರು, ಉಡುಪಿ, ಕಾರವಾರದವರು ಪ್ರತಿ ವರ್ಷ ಮುಂಗಾರಿಗೆ ಮೊದಲು ನೀರಿನ ಒತ್ತಡದ ಪರೀಕ್ಷೆ ಮಾಡಿಸುವುದು ಒಳ್ಳೆಯದು, ಖರ್ಚು ಅಲ್ಪ. ಗಾಜಿನೊಳಗೆ ಮಂಜು ಕಂಡರೆ ಅಕ್ಕಿಡಬ್ಬದಲ್ಲಿ ಹುಗಿದಿಟ್ಟು ಕಾಯಬೇಡಿ, ಬಿಸಿಲಿಗೂ ಇಡಬೇಡಿ. ಅದೇ ದಿನ ಬಿಚ್ಚಿಸಿ ಒಣಗಿಸಿದರೆ ವಾಚು ಉಳಿಯುತ್ತದೆ. ಉಪ್ಪುನೀರಾದರೆ ಒಂದು ವಾರದೊಳಗೆ ಉಕ್ಕಿನ ಭಾಗಗಳಿಗೆ ತುಕ್ಕು ಹಿಡಿಯುತ್ತದೆ. ನೀರಿನದಲ್ಲದ ಇನ್ನೊಂದು ಎಚ್ಚರವೂ ಬೇಕು: ರಾತ್ರಿ ಒಂಬತ್ತರಿಂದ ಮುಂಜಾನೆ ಮೂರರ ನಡುವೆ ಕೀ ತಿರುಗಿಸಿ ತಾರೀಖು ಬದಲಿಸುವುದೂ ಬೇಡ. ಬಹಳಷ್ಟು ವಾಚುಗಳಲ್ಲಿ ಆ ಹೊತ್ತಿಗೆ ತಾರೀಖಿನ ಹಲ್ಲುಚಕ್ರ ಕಚ್ಚಿಕೊಂಡಿರುತ್ತದೆ. ಮುರಿದರೆ ಅದು ಬಳಕೆದಾರರ ತಪ್ಪೆಂದು ವಾರಂಟಿ ಕೈಬಿಡುತ್ತದೆ.

ಇಷ್ಟೆಲ್ಲ ಎಚ್ಚರ ವಹಿಸಿದರೂ ವಾಚು ಕೆಟ್ಟು, ಸರ್ವಿಸ್ ಸೆಂಟರು ಒಪ್ಪದಿದ್ದರೆ? ಮೈಸೂರಿನ ಸ್ನೇಹಿತರೊಬ್ಬರು, ನಿವೃತ್ತ ಪ್ರಾಧ್ಯಾಪಕರು, ಈ ದಾರಿಯನ್ನು ಪೂರ್ತಿ ನಡೆದವರು. ಅವರ ಹೊಸ ವಾಚು ಕೀ ಕೆಳಗೆ ಮಾಡಿ ನಿಲ್ಲಿಸಿದ ರಾತ್ರಿಗಳಲ್ಲಿ ಮಾತ್ರ ಹಿಂದೆ ಬೀಳುತ್ತಿತ್ತು. ಕಳಿಸಿದ ವಾಚು ವಾರಗಳ ನಂತರ ‘ಪರೀಕ್ಷಿಸಲಾಗಿದೆ, ಮಿತಿಯೊಳಗಿದೆ’ ಎಂಬ ಒಂದು ಸಾಲಿನ ಚೀಟಿಯೊಂದಿಗೆ ವಾಪಸ್ ಬಂತು. ಮತ್ತೆ ಕಳಿಸಿದರು, ಮತ್ತೆ ಅದೇ ಚೀಟಿ. ಯಾವ ಮಿತಿ, ಯಾವ ಭಂಗಿ ಎಂದು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ. ಕೊನೆಗೆ ಅವರು ಪರಿಚಯದ ರಿಪೇರಿಯವರ ಬಳಿ ವಾಚು ಬಿಚ್ಚಿಸದೆಯೇ ಟೈಮ್‌ಗ್ರಾಫರ್ ಮೇಲೆ ಇಡಿಸಿದರು. ಮೈಕು ಕೇಸಿನ ಹೊರಗಿನಿಂದಲೇ ಸದ್ದು ಹಿಡಿಯುವುದರಿಂದ ಇದರಿಂದ ವಾರಂಟಿಗೆ ಧಕ್ಕೆಯಿಲ್ಲ. ಡಯಲ್ ಮೇಲಿದ್ದಾಗ ಗೆರೆ ಮಟ್ಟಸ, ಕೀ ಕೆಳಗಾದ ತಕ್ಷಣ ಇಳಿಜಾರು. ಪರದೆಯ ಫೋಟೊ, ತಮ್ಮ ನೋಟ್‌ಬುಕ್ಕಿನ ನಕಲು, ಕಂಪನಿಯೇ ಮುದ್ರಿಸಿದ ನಿಖರತೆಯ ಮಾತು ಇಷ್ಟನ್ನೂ ಒಂದು ಪುಟದ ಕಾಗದದ ಜೊತೆ ಲಗತ್ತಿಸಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರು. ಈ ಸಲ ಯಂತ್ರವನ್ನು ನಿಜವಾಗಿ ಬಿಚ್ಚಿದರು. ಬ್ಯಾಲೆನ್ಸ್ ಚಕ್ರದ ಅಚ್ಚಿನ ಮೊನೆ ಹಾಳಾಗಿತ್ತು. ಬದಲಿಸಿ ಕೊಟ್ಟ ವರದಿಯಲ್ಲಿ ಐದೂ ಭಂಗಿಗಳ ಅಂಕಿಗಳಿದ್ದವು. ಆ ಅಂಕಿಗಳನ್ನು ಮೊದಲ ಸಲವೇ ಕೊಡಬಹುದಿತ್ತು, ಕೊಡಬೇಕಿತ್ತು.

ಹಾಗಾಗಿ ವಾಚು ಕೊಡುವಾಗಲೇ ಬರೆಸಿಕೊಳ್ಳಿ. ಸರ್ವಿಸಿಗೆ ಮೊದಲು ಮತ್ತು ಆಮೇಲೆ ಪ್ರತಿ ಭಂಗಿಯ ಅಂಕಿ ಹಾಗೂ ಆಂಪ್ಲಿಟ್ಯೂಡ್ ಬೇಕು ಎಂದು. ಬದಲಿಸಿದ ಹಳೆಯ ಭಾಗಗಳನ್ನು ಹಿಂದಿರುಗಿಸಬೇಕು ಎಂದು. ಒಪ್ಪಿಗೆಯಿಲ್ಲದೆ ಪಾಲಿಶ್ ಮಾಡಕೂಡದು ಎಂದು ಕೂಡ. ಪಾಲಿಶ್ ಎಂದರೆ ಕೇಸಿನ ಲೋಹ ತೇಯುವುದು, ಅಂಚುಗಳು ದುಂಡಗಾದ ಹಳೆಯ ವಾಚಿನ ಬೆಲೆ ಕುಸಿಯುತ್ತದೆ. ದುಬೈನಿಂದ ಬರುವ ನೆಂಟರ ಕೈಯಲ್ಲಿ ವಾಚು ತರಿಸುವವರು ವಾರಂಟಿ ಕಾರ್ಡಿನಲ್ಲಿ ಅಧಿಕೃತ ಮಾರಾಟಗಾರರ ಹೆಸರು ಮತ್ತು ಕೊಂಡ ದಿನಾಂಕ ಇದೆಯೇ ಎಂದು ಅಲ್ಲಿಯೇ ನೋಡಿಸಲಿ. ರೋಲೆಕ್ಸ್ 2015ರಿಂದ, ಒಮೆಗಾ 2018ರಿಂದ ಐದು ವರ್ಷಗಳ ಅಂತರರಾಷ್ಟ್ರೀಯ ವಾರಂಟಿ ಕೊಡುತ್ತಿವೆ. ಅದು ಊರ್ಜಿತವಾಗುವುದು ಆ ಕಾರ್ಡಿನಿಂದ. ಕಂಪನಿಯ ಸರಪಳಿಯ ಹೊರಗೆ ರಿಯಾಯಿತಿಗೆ ಸಿಕ್ಕ ವಾಚಿಗೆ ಅಂಗಡಿಯ ವಾರಂಟಿ ಮಾತ್ರ, ಅಂಗಡಿ ಮುಚ್ಚಿದರೆ ಅದೂ ಇಲ್ಲ.

ವಾರಂಟಿ ಮುಗಿದ ಮೇಲೆ ಅನ್ಯಾಯ ಇನ್ನೂ ಢಾಳಾಗಿ ಕಾಣುತ್ತದೆ. ಚಿಕ್ಕಪೇಟೆಯ ಆ ರಿಪೇರಿಯವರಿಗೆ ಕೈಚಳಕವಿದೆ, ಯಂತ್ರವಿದೆ, ಆದರೆ ಬಿಡಿಭಾಗ ಇಲ್ಲ. ದೊಡ್ಡ ಸ್ವಿಸ್ ಕಂಪನಿಗಳು ತಾವು ಮಾನ್ಯ ಮಾಡಿದ ಸರ್ವಿಸ್ ಸೆಂಟರುಗಳಿಗೆ ಮಾತ್ರ ಭಾಗ ಕೊಡುತ್ತವೆ. ಯುರೋಪಿನ ಗಡಿಯಾರ ದುರಸ್ತಿಗಾರರ ಸಂಘಗಳ ಒಕ್ಕೂಟ ಇದರ ವಿರುದ್ಧ 2004ರಲ್ಲೇ ಯುರೋಪಿಯನ್ ಕಮಿಷನ್ನಿಗೆ ದೂರು ಕೊಟ್ಟಿತು. 2008ರಲ್ಲಿ ಕಮಿಷನ್ ತಳ್ಳಿಹಾಕಿತು, 2010ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಆ ತೀರ್ಮಾನವನ್ನು ರದ್ದು ಮಾಡಿತು, 2014ರಲ್ಲಿ ಕಮಿಷನ್ ಮತ್ತೆ ತಳ್ಳಿಹಾಕಿತು, 2017ರಲ್ಲಿ ನ್ಯಾಯಾಲಯ ಈ ಸಲ ಕಮಿಷನ್ನಿನ ಪರ ನಿಂತಿತು. ಗುಣಮಟ್ಟ ಕಾಯಲು, ನಕಲಿ ಭಾಗ ತಡೆಯಲು ಈ ಬಿಗಿ ಬೇಕು ಎಂಬುದು ಕಂಪನಿಗಳ ವಾದ. ನಕಲಿಯ ಹಾವಳಿ ನಿಜವೇ. ಆದರೆ ನುರಿತವರನ್ನು ಪರೀಕ್ಷಿಸಿ, ನೋಂದಾಯಿಸಿ, ಅವರಿಗೆ ಅಸಲಿ ಭಾಗ ಮಾರಿದರೆ ನಕಲಿ ಭಾಗದ ಸಂತೆ ತಾನೇ ಕರಗುತ್ತದೆ ಎಂದು ನನ್ನ ನಂಬಿಕೆ. ಈಗಿನ ಸ್ಥಿತಿಯಲ್ಲಿ ಒಂದು ಪುಟ್ಟ ಚಕ್ರ ಬೇಕಾದರೂ ವಾಚು ಕಂಪನಿಗೇ ಹೋಗಬೇಕು, ಅವರು ಫುಲ್ ಸರ್ವಿಸ್ ಇಲ್ಲದೆ ಮುಟ್ಟುವುದಿಲ್ಲ. ಸಣ್ಣ ದುರಸ್ತಿಗೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಬಿಡಿಭಾಗ ಸಿಕ್ಕರೆ ವಾಚು ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಸಾಕ್ಷಿ ಬೇರೆಲ್ಲೂ ಹುಡುಕಬೇಕಿಲ್ಲ. ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರ ತಯಾರಿಕೆ ಶುರುವಾಯಿತು, ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಆದರೂ ಜನತಾ, ಪೈಲಟ್ ವಾಚುಗಳು ಇವತ್ತಿಗೂ ಹಳ್ಳಿಹಳ್ಳಿಗಳಲ್ಲಿ ಓಡುತ್ತಿವೆ. ಯಾವ ತಾಲ್ಲೂಕು ಕೇಂದ್ರದ ರಿಪೇರಿ ಅಂಗಡಿಯ ಡಬ್ಬಿಯಲ್ಲೂ ಅವಕ್ಕೆ ಬ್ಯಾಲೆನ್ಸ್, ಮೇನ್‌ಸ್ಪ್ರಿಂಗ್, ಗಾಜು ಸಿಗುತ್ತಿದ್ದುದೇ ಇದಕ್ಕೆ ಕಾರಣ. ಆ ಕಾರ್ಖಾನೆ ತನ್ನ ಭಾಗಗಳನ್ನು ಬಚ್ಚಿಟ್ಟುಕೊಳ್ಳಲಿಲ್ಲ.

ಕಾನೂನಿನ ಕಡೆ ನೋಡಿದರೆ ಗ್ರಾಹಕರ ಕೈ ಬರಿದಾಗಿಲ್ಲ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ 50 ಲಕ್ಷ ರೂಪಾಯಿವರೆಗೆ ಬೆಲೆ ಕೊಟ್ಟ ವಸ್ತುವಿನ ದೂರನ್ನು ಜಿಲ್ಲಾ ಆಯೋಗವೇ ಕೇಳುತ್ತದೆ. 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಅಂಗಡಿ ಮುಂಬೈನಲ್ಲಿದ್ದರೂ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ದೋಷ ಇದೆಯೋ ಇಲ್ಲವೋ ತೀರ್ಮಾನಿಸಲು ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಬರೆದಿಟ್ಟ ಅಂಕಿಗಳಿಗೆ ತೂಕ ಬರುವುದು ಅಲ್ಲಿ. ಕಾಲಮಿತಿ ಎರಡು ವರ್ಷ. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ ನೋಡಬಹುದು.

ಕೊರತೆ ಇರುವುದು ಇನ್ನೊಂದು ಕಡೆ. ‘ದುರಸ್ತಿಯ ಹಕ್ಕಿ’ಗಾಗಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈನಲ್ಲಿ ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಕೃಷಿ ಉಪಕರಣ, ಮೊಬೈಲು ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತುಗಳು, ವಾಹನಗಳು ಎಂಬ ನಾಲ್ಕು ವಲಯಗಳನ್ನು ಆರಿಸಿಕೊಂಡಿತು. ಕೈಗಡಿಯಾರಕ್ಕೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಈ ನಡುವೆ ಸ್ವಿಟ್ಜರ್ಲೆಂಡ್ ಇರುವ ಎಫ್ಟಾ ಗುಂಪಿನೊಂದಿಗೆ 2024ರ ಮಾರ್ಚಿನಲ್ಲಿ ಸಹಿಯಾದ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ, ಸ್ವಿಸ್ ವಾಚುಗಳ ಮೇಲಿನ ಸುಂಕ ವರ್ಷ ವರ್ಷ ಇಳಿಯಲಿದೆ. ಮಾರಾಟಕ್ಕೆ ಬಾಗಿಲು ಹೀಗೆ ತೆರೆಯುವಾಗ, ಇಲ್ಲಿನ ನುರಿತ ರಿಪೇರಿಯವರಿಗೆ ಬಿಡಿಭಾಗ ಕೊಡಬೇಕೆಂಬ, ಸರ್ವಿಸ್ ವರದಿಯಲ್ಲಿ ಅಂಕಿ ಕಾಣಿಸಬೇಕೆಂಬ ನಿಯಮವನ್ನೂ ಸರ್ಕಾರ ತರಬೇಕು.

ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವ ಕೆಲಸ ಮಾಡಿ. ವಾರಂಟಿ ಕಾರ್ಡು ತೆಗೆದು ಕೊನೆಯ ದಿನಾಂಕ ಇವತ್ತೇ ನೋಡಿಕೊಳ್ಳಿ. ಅದಕ್ಕೆ ಮೂರು ತಿಂಗಳು ಇರುವಾಗ, ವಾಚು ಸರಿಯಾಗಿಯೇ ಓಡುತ್ತಿದ್ದರೂ, ಒಮ್ಮೆ ಟೈಮ್‌ಗ್ರಾಫರ್ ಮೇಲೆ ಇಡಿಸಿ ಐದು ಭಂಗಿಗಳ ಅಂಕಿ ಬರೆಸಿಕೊಳ್ಳಿ. ಮಿತಿ ಮೀರಿದ್ದು ಕಂಡರೆ ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ಬರಹದಲ್ಲಿ ದೂರು ಕೊಟ್ಟು, ದಿನಾಂಕವಿರುವ ಸ್ವೀಕೃತಿ ಪಡೆಯಿರಿ.